ಚೆನ್ನಮ್ಮ ಬಿಡುಗಡೆಯಾದ ದಿನ

2022ರ ಜನವರಿ 1ರಂದು ಕಿತ್ತೂರಿನಲ್ಲಿ ಯಾರೂ ಡೊಳ್ಳು ಬಾರಿಸಲಿಲ್ಲ. ಬೈಲಹೊಂಗಲದ ಸಮಾಧಿಗೆ ಅಂದು ಹೂ ಏರಿಸಿದವರಿದ್ದರೆ ಅವರೂ ಆ ಸಂಗತಿ ತಿಳಿದು ಬಂದವರಲ್ಲ. ಆದರೆ ಆ ದಿನ ಚೆನ್ನಮ್ಮ ಬಿಡುಗಡೆಯಾಗಿದ್ದಳು. ಬ್ರಿಟಿಷರು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟ ರಾಣಿಗೆ ಬಿಡುಗಡೆ ಸಿಗಲೇ ಇಲ್ಲ, 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ನಾನು ಹೇಳುತ್ತಿರುವುದು ಬೆಳ್ಳಿತೆರೆಯ ಚೆನ್ನಮ್ಮನ ಮಾತು.

ಬಿ.ಆರ್. ಪಂತುಲು ನಿರ್ದೇಶಿಸಿದ, ಬಿ. ಸರೋಜಾದೇವಿ ರಾಣಿಯಾಗಿ, ರಾಜ್‌ಕುಮಾರ್ ಮಲ್ಲಸರ್ಜನಾಗಿ ನಟಿಸಿದ ‘ಕಿತ್ತೂರು ಚೆನ್ನಮ್ಮ’ ತೆರೆಕಂಡದ್ದು 1961ರಲ್ಲಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಎಣಿಕೆ ಸರಳ. ಸಿನಿಮಾ ಹೊರಬಂದ ವರ್ಷವನ್ನು ಬಿಟ್ಟು, ಮುಂದಿನ ಜನವರಿ 1ರಿಂದ 60 ವರ್ಷ ಎಣಿಸಬೇಕು. ಆ ಪ್ರಕಾರ 2021ರ ಡಿಸೆಂಬರ್ 31ರ ನಡುರಾತ್ರಿಗೆ ಚಿತ್ರದ ಮೇಲಿನ ಹಕ್ಕಿನ ಅವಧಿ ತೀರಿತು. ಮರುದಿನದಿಂದ ಆ ಕುದುರೆ, ಆ ಕತ್ತಿ, ರಾಣಿಯ ಆ ನೋಟ, ಸಿನಿಮಾದ ದೃಶ್ಯವೆಂಬ ಮಟ್ಟಿಗೆ, ಎಲ್ಲರದು. ಕಿತ್ತೂರಿನ ಯಾವ ಹುಡುಗನೂ ಅದನ್ನು ಕತ್ತರಿಸಿ, ಜೋಡಿಸಿ, ತನ್ನ ಹಾಡಿಗೆ ಹೊಂದಿಸಬಹುದು. ಯಾರ ಅಪ್ಪಣೆಯೂ ಬೇಡ.

ಹುಡುಗರು ಅದನ್ನು ಮುಟ್ಟಿಯೇ ಇಲ್ಲ. ಕಪ್ಪು ಬಿಳುಪಿನ ಚಿತ್ರ ಯಾರಿಗೆ ಬೇಕು? ಅವರಿಗೆ ಬೇಕಾದದ್ದು 2012ರ ನವೆಂಬರ್ 1ರಂದು ತೆರೆಕಂಡ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’. ನಾಗಣ್ಣ ನಿರ್ದೇಶನ, ದರ್ಶನ್ ನಾಯಕ. ಧೂಳು, ಬೆಂಕಿ, ನಿಧಾನಗತಿಯಲ್ಲಿ ಹಾರುವ ಮೀಸೆ ಎಲ್ಲವೂ ಬಣ್ಣದಲ್ಲಿದೆ. ಅದರ ಹಕ್ಕು ಎಲ್ಲರದಾಗಲು 2073ರ ಜನವರಿ ಬರಬೇಕು. ಇಂದು ಅದರ ತುಣುಕನ್ನು ಕತ್ತರಿಸುತ್ತಿರುವ ಹುಡುಗರಿಗೆ ಅಷ್ಟು ಹೊತ್ತಿಗೆ ಮೊಮ್ಮಕ್ಕಳಿರುತ್ತಾರೆ.

ಬೈಲಹೊಂಗಲದ ಕಡೆ ಇದಕ್ಕೆ ‘ಎಡಿಟ್’ ಎನ್ನುತ್ತಾರೆ. ಅದು ಕ್ರಿಯಾಪದವಲ್ಲ, ವಸ್ತು. ‘ಒಂದು ಎಡಿಟ್ ಬಿಟ್ಟೇನ್ರಿ, ನೋಡ್ರಿ’ ಎಂದರೆ ಮೂವತ್ತೋ ನಲವತ್ತೋ ಸೆಕೆಂಡಿನ, ಸಿನಿಮಾದ ಚೂರುಗಳನ್ನು ಡಿಜೆ ಹಾಡಿನ ಪೆಟ್ಟಿಗೆ ಸರಿಯಾಗಿ ಕೂಡಿಸಿದ, ಸ್ಟೇಟಸ್ಸಿಗೆ ಹಾಕುವ ವಿಡಿಯೊ ಎಂದರ್ಥ. ವರ್ಷದಲ್ಲಿ ಮೂರು ದಿನ ಇದರ ಸುಗ್ಗಿ. ಕಿತ್ತೂರಿನ ಸೈನ್ಯ ಬ್ರಿಟಿಷರನ್ನು ಸೋಲಿಸಿದ, ಅವರ ಅಧಿಕಾರಿ ಥ್ಯಾಕರೆ ಸತ್ತ ಅಕ್ಟೋಬರ್ 23 ಒಂದು. ಚೆನ್ನಮ್ಮನ ಬಂಟ ರಾಯಣ್ಣ ಹುಟ್ಟಿದ ದಿನವೆಂದು ನಾಡು ಆಚರಿಸುವ ಆಗಸ್ಟ್ 15 ಇನ್ನೊಂದು. ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ಜನವರಿ 26 ಮತ್ತೊಂದು. ದೇಶಕ್ಕೆ ಹಬ್ಬವಾದ ಎರಡು ದಿನಗಳೂ ಸಂಗೊಳ್ಳಿಯ ಪಾಲಿಗೆ ರಾಯಣ್ಣನ ದಿನಗಳೇ. ಹಿಂದಿನ ರಾತ್ರಿ ಈ ಭಾಗದ ಮೊಬೈಲುಗಳು ಮಲಗುವುದಿಲ್ಲ.

ಅಂಥದೊಂದು ಸಂಜೆ ಬಸ್ ನಿಲ್ದಾಣದ ಹತ್ತಿರದ ಫೋಟೊ ಸ್ಟುಡಿಯೊದಲ್ಲಿ ಕೂತಿದ್ದೆ. ಮದುವೆ ಆಲ್ಬಮ್ಮಿನ ಕೆಲಸ ಬದಿಗಿಟ್ಟು ಹುಡುಗನೊಬ್ಬ ರಾಯಣ್ಣನ ಎಡಿಟ್ ಮಾಡುತ್ತಿದ್ದ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು, ಆದರೆ ಕೈಚಳಕ ದೊಡ್ಡದು. ತಮಟೆಯ ಪ್ರತಿ ಪೆಟ್ಟಿಗೂ ಚಿತ್ರ ಬದಲಾಗುತ್ತಿತ್ತು.

‘ಕ್ಲಿಪ್ ಎಲ್ಲಿಂದ ತಗೊಂಡ್ಯೋ ತಮ್ಮಾ?’

‘ಟೆಲಿಗ್ರಾಂನಾಗ ಎಲ್ಲಾ ಸಿಗ್ತಾವ್ರಿ ಕಾಕಾ. ಎಚ್‌ಡಿ ಇರ್ತಾವು, ವಾಟರ್‌ಮಾರ್ಕ್ ಸೈತ ಇರಂಗಿಲ್ಲ.’

‘ಯಾರದು ಅದು?’

‘ಪಿಚ್ಚರಿಂದ್ರಿ.’

‘ಪಿಚ್ಚರ್ ಯಾರದು?’

ಹುಡುಗ ನನ್ನ ಮುಖವನ್ನು ಒಮ್ಮೆ ನೋಡಿದ. ಇಷ್ಟು ವಯಸ್ಸಾಗಿ ಇದೂ ಗೊತ್ತಿಲ್ಲವೇ ಎಂಬಂತೆ. ‘ಡಿ ಬಾಸ್‌ದ್ರಿ.’

ಇಡೀ ವಿಷಯದ ಗಂಟು ಇಲ್ಲಿಯೇ ಇದೆ. ಅಭಿಮಾನಿಗೆ ಸಿನಿಮಾ ಎಂದರೆ ನಾಯಕನದು. ಹೆಚ್ಚೆಂದರೆ ನಿರ್ದೇಶಕನದು. 1957ರ ಕಾಯ್ದೆಗೆ ಸಿನಿಮಾದ ಕರ್ತೃ ಎಂದರೆ ನಿರ್ಮಾಪಕ. ಕಥೆ ಬರೆದವರಲ್ಲ, ಕ್ಯಾಮೆರಾ ಹಿಡಿದವರಲ್ಲ, ಕುದುರೆ ಏರಿದವರಂತೂ ಅಲ್ಲ. ಅದರ ಪ್ರತಿ ಮಾಡುವ ಹಕ್ಕು ಆತನದು, ಇಲ್ಲವೇ ಆತನಿಂದ ಕೊಂಡವರದು. ‘ಪ್ರತಿ’ ಎಂಬ ಮಾತಿನ ಅಗಲವೂ ದೊಡ್ಡದು. ಚಿತ್ರದೊಳಗಿನ ಒಂದೇ ಒಂದು ಚೌಕಟ್ಟನ್ನು ಫೋಟೊ ಆಗಿ ತೆಗೆದರೂ ಅದು ಪ್ರತಿಯೇ ಎಂದು 14ನೇ ಕಲಮು ಹೇಳುತ್ತದೆ. ಮೂವತ್ತು ಸೆಕೆಂಡಿನ ಎಡಿಟ್‌ನಲ್ಲಿ ಅಂಥ ಏಳುನೂರಕ್ಕೂ ಹೆಚ್ಚು ಚೌಕಟ್ಟುಗಳಿರುತ್ತವೆ.

ಇದು ಚಿತ್ರದ ಬೀಗ. ಹಾಡಿಗೆ ಇನ್ನೊಂದು ಬೀಗ, ಅದರೊಳಗೆ ಮೂರು ಕೊಂಡಿ: ಸಾಹಿತ್ಯ ಬರೆದವರದು, ರಾಗ ಹಾಕಿದವರದು, ಧ್ವನಿಮುದ್ರಣ ಮಾಡಿಸಿದ ಆಡಿಯೊ ಕಂಪನಿಯದು. ಹಾಡನ್ನು ಕೇಳುವುದಕ್ಕೆ ಹಣ ಕೊಟ್ಟಿದ್ದೀರಿ ಎಂದರೆ ಅದನ್ನು ಚಿತ್ರಕ್ಕೆ ಹೊಂದಿಸಲು ಕೊಟ್ಟಿದ್ದೀರಿ ಎಂದಲ್ಲ. ಅದಕ್ಕೆ ಬೇರೆಯೇ ಪರವಾನಗಿ ಬೇಕು, ಮತ್ತು ಕಾಯ್ದೆಯ 30ನೇ ಕಲಮಿನ ಪ್ರಕಾರ ಪರವಾನಗಿ ಬರಹದಲ್ಲಿರಬೇಕು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದು ಮದುವೆ ಮಾತುಕತೆಗೆ ಸರಿ, ಕಾಪಿರೈಟಿಗೆ ನಡೆಯುವುದಿಲ್ಲ.

ಈಗ ತುಣುಕು ತರುವ ದಾರಿಗಳಿಗೆ ಬರೋಣ. ಎಡಿಟ್ ಮಾಡುವವರೆಲ್ಲ ‘ವಿಡಿಯೊ ಹಾಕಿದರೆ ಏನಾಗುತ್ತದೆ’ ಎಂದು ಕೇಳುತ್ತಾರೆಯೇ ಹೊರತು ‘ತಂದದ್ದು ಎಲ್ಲಿಂದ’ ಎಂದು ಕೇಳಿಕೊಳ್ಳುವುದಿಲ್ಲ. ಕಾನೂನು ಎರಡನ್ನೂ ಕೇಳುತ್ತದೆ. ತಂದ ದಾರಿಯೇ ಕೆಟ್ಟದಿದ್ದರೆ ಮೊದಲ ತಪ್ಪಿನ ಮೇಲೆ ಎರಡನೆಯದು ಕೂತುಕೊಳ್ಳುತ್ತದೆ.

ಎಲ್ಲಕ್ಕಿಂತ ಕೆಟ್ಟ ದಾರಿ ಚಿತ್ರಮಂದಿರದ್ದು, ಅಭಿಮಾನಿ ಅತ್ಯಂತ ಹಗುರವಾಗಿ ತುಳಿಯುವುದೂ ಅದನ್ನೇ. ಮೊದಲ ದಿನ, ಮೊದಲ ಆಟ. ನಾಯಕ ಬರುತ್ತಲೇ ಶಿಳ್ಳೆ, ಚೀಟಿ ತೂರಾಟ, ನೂರು ಮೊಬೈಲುಗಳು ಒಮ್ಮೆಗೇ ಮೇಲೇಳುತ್ತವೆ. ಹತ್ತು ನಿಮಿಷದಲ್ಲಿ ಅದು ಸ್ಟೇಟಸ್ಸು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ಆದ ತಿದ್ದುಪಡಿ ನೇರ ಇದಕ್ಕೇ ಕೈ ಹಾಕಿದೆ. ಚಿತ್ರಮಂದಿರದೊಳಗೆ ಸಿನಿಮಾದ ಅಥವಾ ಅದರ ಒಂದು ಭಾಗದ ಅಕ್ರಮ ಪ್ರತಿ ಮಾಡುವ ಉದ್ದೇಶದಿಂದ ರೆಕಾರ್ಡ್ ಮಾಡಿದರೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಸಜೆ. ದಂಡ 3 ಲಕ್ಷದಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ಶೇ 5ರವರೆಗೆ ಹೋಗಬಹುದು. ‘ಒಂದು ಭಾಗ’ ಎಂಬ ಮಾತನ್ನು ಗಮನಿಸಬೇಕು. ಇಡೀ ಸಿನಿಮಾ ಕದ್ದವನಿಗೂ ನಾಯಕನ ಪ್ರವೇಶವನ್ನಷ್ಟೇ ಹಿಡಿದವನಿಗೂ ಕಲಮು ಒಂದೇ. ಅಭಿಮಾನದ ಉತ್ಸಾಹಕ್ಕೆ ಇಷ್ಟು ದೊಡ್ಡ ಕೋಲು ಬೇಕಿತ್ತೇ ಎಂದು ನನಗೂ ಅನ್ನಿಸುತ್ತದೆ. ಆದರೆ ಕಾಯ್ದೆ ಬರೆದವರ ಕಣ್ಣೆದುರು ಇದ್ದದ್ದು ಬಿಡುಗಡೆಯ ದಿನವೇ ಪೂರ್ತಿ ಚಿತ್ರವನ್ನು ಹರಿಯಬಿಡುವ ಕಳ್ಳರು. ನಮ್ಮ ಹುಡುಗರು ಆ ಬಲೆಯ ಅಂಚಿನಲ್ಲಿದ್ದಾರೆ.

ಎರಡನೆಯ ದಾರಿ ಟೆಲಿಗ್ರಾಂ. ಅಲ್ಲಿರುವುದು ಬೇರೆ ಯಾರೋ ಬೀಗ ಒಡೆದು ತಂದಿಟ್ಟ ಮಾಲು. ಮೂರನೆಯದು ಒಟಿಟಿ. ಚಂದಾ ಕಟ್ಟಿದ ಹುಡುಗ ನ್ಯಾಯವಾಗಿಯೇ ಕೇಳುತ್ತಾನೆ: ‘ನಾ ರೊಕ್ಕಾ ಕೊಟ್ಟೇನಲ್ರಿ?’ ಕೊಟ್ಟದ್ದು ನೋಡುವುದಕ್ಕೆ. ಸ್ಕ್ರೀನ್ ರೆಕಾರ್ಡ್ ಹಚ್ಚಿದರೆ ಎಷ್ಟೋ ಕಡೆ ಪರದೆ ಕರ್ರಗಾಗುತ್ತದೆ. ಅದು ಮೊಬೈಲಿನ ದೋಷವಲ್ಲ, ಹಾಕಿಟ್ಟ ಬೀಗ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬರೀ ಬೀಗ ಮುರಿದದ್ದೇ ಅಪರಾಧವೆಂದು ಭಾರತದ ಕಾನೂನು ಹೇಳುವುದಿಲ್ಲ, ಉದ್ದೇಶ ನೋಡುತ್ತದೆ. ವಿಮರ್ಶೆಗೆಂದು, ಕಾಯ್ದೆ ಒಪ್ಪುವ ಬೇರೆ ಕೆಲಸಕ್ಕೆಂದು ತೆಗೆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಮನೆಯಲ್ಲಿರುವ ಹಳೆಯ ಡಿವಿಡಿಯ ಕತೆಯೂ ಇದೇ. ತಟ್ಟೆ ನಿಮ್ಮದು, ಚಿತ್ರ ನಿಮ್ಮದಲ್ಲ.

ನಾಲ್ಕನೆಯದು ಯೂಟ್ಯೂಬ್. ಟ್ರೇಲರ್, ಟೀಸರ್, ಲಿರಿಕಲ್ ವಿಡಿಯೊಗಳನ್ನು ಕಂಪನಿಗಳೇ ಪುಕ್ಕಟೆ ಬಿಟ್ಟಿವೆಯಲ್ಲ, ಅಲ್ಲಿಂದ ಇಳಿಸಿಕೊಂಡರೇನು? ಗುಡಿಯ ಮುಂದೆ ಅಂಬಲಿ ಹಂಚುತ್ತಾರೆ, ಕೊಪ್ಪರಿಗೆ ಎತ್ತಿಕೊಂಡು ಹೋಗುವಂತಿಲ್ಲ. ಅಪ್ಪಣೆಯಿಲ್ಲದೆ ಇಳಿಸಿಕೊಳ್ಳಬಾರದೆಂದು ಯೂಟ್ಯೂಬಿನ ಕರಾರಿನಲ್ಲೇ ಇದೆ. ಆದರೆ ಅಲ್ಲೊಂದು ನೇರ ಬಾಗಿಲೂ ಇದೆ, ನಮ್ಮ ಹುಡುಗರು ಅದನ್ನು ಕಡಿಮೆ ಬಳಸುತ್ತಾರೆ. ಶಾರ್ಟ್ಸ್‌ನಲ್ಲಿ ‘ರೀಮಿಕ್ಸ್’ ಎಂಬ ಗುಂಡಿಯಿದೆ. ವಿಡಿಯೊದ ಮಾಲೀಕ ಅದನ್ನು ಮುಚ್ಚಿರದಿದ್ದರೆ ಅದರ ತುಣುಕನ್ನು ಅಲ್ಲಿಯೇ ತೆಗೆದುಕೊಂಡು ಅಲ್ಲಿಯೇ ನಿಮ್ಮ ಶಾರ್ಟ್ ಮಾಡಬಹುದು; ಮೂಲ ವಿಡಿಯೊದ ಕೊಂಡಿ ತಾನಾಗಿ ಕೂಡುತ್ತದೆ. ಸ್ಟುಡಿಯೊದ ಹುಡುಗನಿಗೆ ಇದನ್ನು ತೋರಿಸಿದೆ. ಅವನಿಗೆ ಹಿಡಿಸಲಿಲ್ಲ. ‘ಇದರಾಗ ಕೈ ಓಡಂಗಿಲ್ರಿ, ನಾ ಏನ್ ಮಾಡಿದಂಗಾತು?’ ಎಂದ. ಕಲಾವಿದನ ದೂರು ಅದು, ತಳ್ಳಿಹಾಕುವಂಥದ್ದಲ್ಲ.

ಈ ಕೆಲಸದಲ್ಲಿರುವವರ ನಡುವೆ ಕೆಲವು ನಂಬಿಕೆಗಳು ತಾಯತದ ಹಾಗೆ ಓಡಾಡುತ್ತವೆ. ಹತ್ತು ಸೆಕೆಂಡಿನೊಳಗಿದ್ದರೆ ಏನೂ ಆಗುವುದಿಲ್ಲ, ಇಲ್ಲ ಮೂವತ್ತು. ಚಿತ್ರವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿದರೆ, ಹಾಡನ್ನು ತುಸು ವೇಗ ಮಾಡಿದರೆ ಯಂತ್ರಕ್ಕೆ ಸಿಗುವುದಿಲ್ಲ. ಯಂತ್ರದ ಕಣ್ಣಿಗೆ ಮಣ್ಣೆರಚುವುದು ಬೇರೆ, ಹಕ್ಕು ಪಡೆಯುವುದು ಬೇರೆ. ಸೆಕೆಂಡಿನ ಲೆಕ್ಕವಂತೂ ನಮ್ಮ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ತೀರಾ ಚಿಲ್ಲರೆ ಬಳಕೆಯನ್ನು ನ್ಯಾಯಾಲಯ ದೊಡ್ಡದು ಮಾಡಬಾರದೆಂಬ ತತ್ವವನ್ನು ದೆಹಲಿ ಹೈಕೋರ್ಟ್ 2012ರಲ್ಲಿ ಇಂಡಿಯಾ ಟಿವಿ ಮತ್ತು ಯಶ್‌ರಾಜ್ ಫಿಲಂಸ್ ನಡುವಿನ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಗಾಯಕಿಯೊಬ್ಬರು ಕಾರ್ಯಕ್ರಮದಲ್ಲಿ ತಮ್ಮ ಬದುಕಿನ ಬಗ್ಗೆ ಮಾತಾಡುತ್ತ ಹಾಡಿನ ಕೆಲವು ಮಾತು ಗುನುಗಿದ್ದು ಅಲ್ಲಿನ ವಿವಾದಗಳಲ್ಲೊಂದು. ಮಾತಿನ ನಡುವೆ ಒಂದು ಸಾಲು ಬರುವುದಕ್ಕೂ ಸಿನಿಮಾದ ಚೂರುಗಳಿಂದಲೇ ಇಡೀ ವಿಡಿಯೊ ಕಟ್ಟುವುದಕ್ಕೂ ಅಜಗಜಾಂತರ.

ನನಗೆ ಬಲು ಮೋಜೆನಿಸುವುದು ವಿಡಿಯೊದ ಕೆಳಗೆ ಅಂಟಿಸುವ ಒಕ್ಕಣೆ. 1976ರ ಹಕ್ಕುಸ್ವಾಮ್ಯ ಕಾಯ್ದೆಯ 107ನೇ ಕಲಮಿನ ಅಡಿಯಲ್ಲಿ ಇದು ನ್ಯಾಯಯುತ ಬಳಕೆ ಎಂದು ಇಂಗ್ಲಿಷಿನಲ್ಲಿ ಅರ್ಧ ಪುಟ. ರಾಮದುರ್ಗದವನೂ ಅದನ್ನೇ ಅಂಟಿಸುತ್ತಾನೆ, ಸವದತ್ತಿಯವನೂ ಅದನ್ನೇ. ನಮ್ಮ ಕಾಯ್ದೆ 1957ರದು. 1976ರದು ಅಮೆರಿಕದ್ದು. ಮಲಪ್ರಭೆಯ ದಂಡೆಯಲ್ಲಿ ಕೂತು ವಾಷಿಂಗ್ಟನ್ನಿನ ದೇವರಿಗೆ ಹರಕೆ ಹೊತ್ತ ಹಾಗೆ. ನಮ್ಮಲ್ಲಿರುವುದು 52ನೇ ಕಲಮಿನ ಪಟ್ಟಿ. ಸ್ವಂತದ, ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ಸುದ್ದಿಯ ವರದಿ. ಅಭಿಮಾನ ಎಂಬ ಪದ ಆ ಪಟ್ಟಿಯಲ್ಲಿಲ್ಲ. ಎಡಿಟ್ ಮಾಡಿ ಮೊಬೈಲಿನಲ್ಲೇ ಇಟ್ಟುಕೊಂಡು ಮನೆಯವರಿಗೆ ತೋರಿಸಿದರೆ ಖಾಸಗಿ ಎನ್ನಬಹುದು, ಲೋಕಕ್ಕೆಲ್ಲ ಬಿಟ್ಟ ಮೇಲೆ ಆ ಮಾತು ನಿಲ್ಲುವುದಿಲ್ಲ. ನಾನೂರು ಜನರ ಸಂಪರ್ಕಪಟ್ಟಿಗೆ ಕಾಣುವ ವಾಟ್ಸ್ಆ್ಯಪ್ ಸ್ಟೇಟಸ್ಸು ಖಾಸಗಿಯೋ ಸಾರ್ವಜನಿಕವೋ, ಅದರ ಬಗ್ಗೆ ವಕೀಲರೇ ಕೂತು ಜಗಳಾಡಲಿ.

ಮದುವೆಗೊಂದು ವಿನಾಯಿತಿ ಇದೆ. ಮದುವೆ ಮೆರವಣಿಗೆಯಲ್ಲಿ, ಅದಕ್ಕೆ ಸೇರಿದ ಸಂಭ್ರಮದಲ್ಲಿ ಸಿನಿಮಾ ಹಾಡು ಬಾರಿಸಿದರೆ ಉಲ್ಲಂಘನೆಯಲ್ಲ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನೇ ಮತ್ತೊಮ್ಮೆ ಸಾರಿತು. ಆದರೆ ಡಾಲ್ಬಿಯಲ್ಲಿ ಬಾರಿಸಿದ್ದಕ್ಕೆ ಇರುವ ರಕ್ಷೆ ಆ ಹಾಡನ್ನು ಮದುವೆ ವಿಡಿಯೊಕ್ಕೆ ಅಂಟಿಸಿ ಯೂಟ್ಯೂಬಿಗೆ ಹಾಕಿದ್ದಕ್ಕೆ ಬರುವುದಿಲ್ಲ. ವಧೂವರರು ಅಕ್ಷತೆಯ ಹೊತ್ತಿಗೆ ಮೂಕರಾಗಿ ಬಾಯಿ ಆಡಿಸುವ ವಿಡಿಯೊಗಳ ರಹಸ್ಯ ಇದು.

‘ನಾವು ಸಣ್ಣ ಮಂದಿ, ನಮ್ಮನ್ನ ಯಾಂವ ಕೇಳ್ತಾನ್ರಿ?’ ಎಂಬುದು ಎಲ್ಲರ ಕೊನೆಯ ಮಾತು. ನಿಜವೇ, ಇಲ್ಲಿಯವರೆಗೆ ಹೆಚ್ಚಾಗಿ ಕೇಳಿದ್ದು ದೊಡ್ಡವರನ್ನೇ. 2022ರ ನವೆಂಬರಿನಲ್ಲಿ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ಭಾರತ್ ಜೋಡೊ ಯಾತ್ರೆಯ ಪ್ರಚಾರ ವಿಡಿಯೊಗಳಲ್ಲಿ ‘ಕೆಜಿಎಫ್ 2’ರ ಸಂಗೀತವನ್ನು ಅಪ್ಪಣೆಯಿಲ್ಲದೆ ಬಳಸಿದ್ದಾರೆಂದು ಕಾಂಗ್ರೆಸ್ ನಾಯಕರ ವಿರುದ್ಧ ಯಶವಂತಪುರ ಠಾಣೆಗೆ ದೂರು ಕೊಟ್ಟಿತು. ನಡೆದಾಡುವ ನಾಯಕರ ದೃಶ್ಯಕ್ಕೆ ಸಿನಿಮಾದ ಸಂಗೀತ ಕೂಡಿಸಿದ ವಿಡಿಯೊ. ಕಟ್ಟಿದ ರೀತಿ ನೋಡಿದರೆ ಅದೂ ಒಂದು ಎಡಿಟ್ಟೇ. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು. ಮರುದಿನ ಹೈಕೋರ್ಟ್, ಆ ವಿಡಿಯೊಗಳನ್ನು ತೆಗೆಯುವ ಷರತ್ತಿನ ಮೇಲೆ, ಆದೇಶವನ್ನು ರದ್ದು ಮಾಡಿತು. ಆದರೆ ಪೊಲೀಸ್ ಪ್ರಕರಣ ಅಲ್ಲಿಗೇ ನಿಲ್ಲಲಿಲ್ಲ. ಅದನ್ನು ರದ್ದುಗೊಳಿಸಬೇಕೆಂಬ ಅರ್ಜಿಯನ್ನು 2023ರ ಜೂನ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ತಳ್ಳಿಹಾಕಿತು. ಅದೇ ಸಂಸ್ಥೆ 2024ರಲ್ಲಿ ರಕ್ಷಿತ್ ಶೆಟ್ಟಿ ಅವರ ‘ಬ್ಯಾಚುಲರ್ ಪಾರ್ಟಿ’ಯಲ್ಲಿ ‘ನ್ಯಾಯ ಎಲ್ಲಿದೆ’ ಮತ್ತು ‘ಗಾಳಿಮಾತು’ ಚಿತ್ರಗಳ ಹಾಡು ಬಳಸಿದ್ದಾರೆಂದು ದೂರಿತು. ದೆಹಲಿ ಹೈಕೋರ್ಟ್ 20 ಲಕ್ಷ ರೂಪಾಯಿ ಠೇವಣಿ ಇಡುವಂತೆ ಹೇಳಿತು. ಸಿನಿಮಾ ಮಾಡುವವರೇ, ವಕೀಲರನ್ನು ಇಟ್ಟುಕೊಂಡವರೇ, ಇಲ್ಲಿ ಎಡವುತ್ತಾರೆ.

ಸಣ್ಣವರಿಗೆ ತಿಳಿದಿರಬೇಕಾದ ಇನ್ನೊಂದು ತೀರ್ಪು 2022ರ ಮೇ ತಿಂಗಳಿನದು. ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಅಪರಾಧದಲ್ಲಿ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು, ಅದು ಜಾಮೀನುರಹಿತವೂ ಹೌದು ಎಂದು ಸುಪ್ರೀಂ ಕೋರ್ಟ್ ನಿಟ್ ಪ್ರೊ ಸಂಸ್ಥೆಯ ಮೊಕದ್ದಮೆಯಲ್ಲಿ ಹೇಳಿತು. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷ, 50 ಸಾವಿರದಿಂದ 2 ಲಕ್ಷ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವೆಂದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ಇಳಿಸಬಹುದು. ಇಳಿಸಬಹುದು, ಅಷ್ಟೆ. ‘ನಾವೇನ್ ರೊಕ್ಕ ಮಾಡಾಕ ಹತ್ತೇವನ್ರಿ?’ ಎಂಬ ಮಾತಿಗೆ ಸಿಗುವ ಬೆಲೆ ಅಷ್ಟು.

ಆದರೂ ದಿನಕ್ಕೆ ಸಾವಿರ ಎಡಿಟ್ ಹುಟ್ಟುತ್ತಿವೆಯಲ್ಲ? ಯಾಕೆಂದರೆ ಮಾಲೀಕರಿಗೆ ಅವು ಪುಕ್ಕಟೆ ಪ್ರಚಾರ. ಬಿಡುಗಡೆಗೆ ಮುಂಚೆ ಟೀಸರ್ ಎಡಿಟ್‌ಗಳಾದಷ್ಟೂ ಚಿತ್ರದ ಸದ್ದು. ಯೂಟ್ಯೂಬಿನ ಕಂಟೆಂಟ್ ಐಡಿ 2007ರಿಂದ ಮಾಡುತ್ತಿರುವ ಕೆಲಸವೂ ಇಂಥದೇ ರಾಜಿ. ಮಾಲೀಕ ತನ್ನ ಚಿತ್ರ, ಹಾಡುಗಳ ಗುರುತು ಕೊಟ್ಟಿರುತ್ತಾನೆ. ಯಂತ್ರ ಹೊಂದಿಸಿ ನೋಡಿ ‘ಕ್ಲೇಮ್’ ಹಾಕುತ್ತದೆ. ವಿಡಿಯೊ ಉಳಿಯುತ್ತದೆ, ಜಾಹೀರಾತಿನ ದುಡ್ಡು ಮಾಲೀಕನಿಗೆ. ಜೇನು ಕಟ್ಟಿದವನು ಹುಡುಗ, ಬಿಡಿಸಿದವನು ಕಂಪನಿ. ‘ಸ್ಟ್ರೈಕ್’ ಎಂದರೆ ಬೇರೆ, ಅದು ಮಾಲೀಕ ತಾನೇ ಕೊಟ್ಟ ದೂರಿನಿಂದ ಬರುವುದು. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಯಿತು. ನಮ್ಮ ಕಡೆ ಎರಡನ್ನೂ ‘ಸ್ಟ್ರೈಕ್ ಬಿತ್ತು’ ಎಂದೇ ಅನ್ನುವುದರಿಂದ ಅರ್ಧ ಗಾಬರಿ ಅಲ್ಲಿಯೇ ಹುಟ್ಟುತ್ತದೆ. ಏನೇ ಇರಲಿ, ಸುಮ್ಮನಿರುವುದು ಮಾಲೀಕನ ಕೃಪೆ. ಕೃಪೆಗೆ ಅವಧಿ ಬರೆದಿರುವುದಿಲ್ಲ.

ಹೊರಗಿನ ಲೋಕದಲ್ಲಿ ಈ ಕೃಪೆಯನ್ನು ಹಕ್ಕಾಗಿ ಕೇಳಿ ಪಡೆದವರಿದ್ದಾರೆ. 1975ರಲ್ಲಿ ಕ್ಯಾಂಡಿ ಫಾಂಗ್ ಎಂಬ ಅಭಿಮಾನಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಸ್ಲೈಡುಗಳನ್ನು ಹಾಡಿಗೆ ಹೊಂದಿಸಿ ತೋರಿಸಿದರು; ಎಡಿಟ್ ವಂಶದ ಮೂಲಪುರುಷ ಯಾರೆಂದರೆ ಈ ಹೆಣ್ಣುಮಗಳು. ಅಮೆರಿಕದ ಅಭಿಮಾನಿಗಳ ಸಂಘಟನೆಯೊಂದು, ಜೊತೆಗೆ ಡಿಜಿಟಲ್ ಹಕ್ಕುಗಳ ಸಂಸ್ಥೆಯೊಂದು, ಅಧಿಕಾರಿಗಳೆದುರು ವಾದಿಸಿ 2010ರಲ್ಲಿ ವಿನಾಯಿತಿ ತಂದವು. ಲಾಭಕ್ಕಲ್ಲದ ವಿಡಿಯೊಕ್ಕಾಗಿ, ಟೀಕೆ ಟಿಪ್ಪಣಿಯ ಉದ್ದೇಶದಿಂದ, ಡಿವಿಡಿಯ ಬೀಗ ತೆಗೆದು ಸಣ್ಣ ತುಣುಕು ತೆಗೆದರೆ ಅದು ಅಪರಾಧವಲ್ಲ. ತುಣುಕು ಎಲ್ಲಿಂದ, ಹೇಗೆ ತಂದೆ ಎಂಬ ಪ್ರಶ್ನೆಗೇ ಅದು ಉತ್ತರ. ಕೆನಡಾ 2012ರಲ್ಲಿ ಇನ್ನೂ ಮುಂದೆ ಹೋಯಿತು, ಲಾಭದ ಉದ್ದೇಶವಿಲ್ಲದೆ ಜನರು ಹಳೆಯದರಿಂದ ಹೊಸದು ಕಟ್ಟುವುದಕ್ಕೆಂದೇ ಕಾಯ್ದೆಯಲ್ಲಿ ಜಾಗ ಮಾಡಿತು. ಅದೇ 2012ರಲ್ಲಿ ನಮ್ಮ ಕಾಯ್ದೆಗೂ ದೊಡ್ಡ ತಿದ್ದುಪಡಿಯಾಯಿತು. ಗೀತರಚನೆಕಾರರಿಗೆ ಗೌರವಧನದ ಹಕ್ಕು ಬಂತು, ಒಳ್ಳೆಯದಾಯಿತು. ಅಭಿಮಾನಿಯ ನೆನಪು ಯಾರಿಗೂ ಆಗಲಿಲ್ಲ. ಅವನ ಪರವಾಗಿ ಕೇಳುವವರೂ ಇರಲಿಲ್ಲ. ಅಭಿಮಾನಿ ಸಂಘಗಳಿಗೆ ಕಟೌಟಿನ ಎತ್ತರ, ಹಾಲಿನ ಅಭಿಷೇಕ ಇವುಗಳ ಚಿಂತೆಯೇ ಹೆಚ್ಚು.

ನಮ್ಮ ಸೀಮೆಗೆ ಈ ಕಾನೂನು ಒಗ್ಗದೇ ಇರುವುದಕ್ಕೆ ಇನ್ನೂ ಆಳದ ಕಾರಣ ಇರಬೇಕು. ಇಲ್ಲಿ ಹಾಡಿಗೂ ಕತೆಗೂ ಮಾಲೀಕ ಇದ್ದ ನೆನಪೇ ಇಲ್ಲ. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದು ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಊರೂರು ಸುತ್ತಿತು. ಒಂದೊಂದು ಮೇಳ ಒಂದೊಂದು ಮಾತು ಸೇರಿಸಿತು, ತೆಗೆಯಿತು. ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಾನು ಚಿಕ್ಕವನಿದ್ದಾಗ ಕ್ಯಾಸೆಟ್ ಅಂಗಡಿಗೆ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟರೆ ಸಾಯಂಕಾಲಕ್ಕೆ ಬೇಕಾದ ಹಾಡುಗಳೆಲ್ಲ ಒಂದೇ ಕ್ಯಾಸೆಟ್ಟಿನಲ್ಲಿ. ಅದು ಕಾನೂನುಬಾಹಿರವೆಂದು ಗೊತ್ತಾದದ್ದು ನನಗೆ ಮೀಸೆ ನರೆತ ಮೇಲೆ.

ಹಾಗೆಂದು ಜನಪದವೆಲ್ಲ ಬಯಲಿನ ಆಸ್ತಿ ಎಂದುಕೊಂಡರೂ ತಪ್ಪಾಗುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಹೋಗಿ ನೋಡಿ. ಚೌಡಿಕೆ ಹಿಡಿದು ಹಾಡುವ ಜೋಗತಿಯ ಸುತ್ತ ಮೊಬೈಲುಗಳ ಬೇಲಿ. ಗೊಡಚಿಯ ವೀರಭದ್ರನ ಜಾತ್ರೆಯಲ್ಲಿ ಒಡಪು ಹೇಳುತ್ತ ಕತ್ತಿ ಝಳಪಿಸುವ ಪುರವಂತರಿಗೂ ಅದೇ ಗತಿ. ಆ ದೃಶ್ಯ ನಾಳೆ ಯಾವುದೋ ಡಿಜೆ ಹಾಡಿನ ಎಡಿಟ್‌ನಲ್ಲಿ ಬರುತ್ತದೆ. ಹಾಡಿಗೆ ಕರ್ತೃ ಇಲ್ಲದಿರಬಹುದು, ಹಾಡಿದವಳಿಗೆ ಹಕ್ಕಿದೆ. ಪ್ರದರ್ಶಕ ಎಂದರೆ ಯಾರೆಂಬ ಕಾಯ್ದೆಯ ಪಟ್ಟಿ ದೊಡ್ಡದು: ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವನು, ಕಣ್ಕಟ್ಟಿನವನು, ಹಾವಾಡಿಗನೂ ಕೂಡ. ಅವರ ಪ್ರದರ್ಶನವನ್ನು ಒಪ್ಪಿಗೆಯಿಲ್ಲದೆ ದಾಖಲಿಸಿ ಲೋಕಕ್ಕೆ ಬಿಡುವಂತಿಲ್ಲ, 50 ವರ್ಷ ಆ ಹಕ್ಕು ಅವರದು. ಹರಕೆ ಒಪ್ಪಿಸುವುದು ‘ಪ್ರದರ್ಶನ’ ಹೌದೋ ಅಲ್ಲವೋ ಎಂದು ವಾದಿಸಬಹುದು. ಆದರೆ ನಿರ್ಮಾಪಕನಿಗೆ ಇರುವ ನೋಟಿಸು ಕೊಡುವ ವಕೀಲ ಜೋಗತಿಗೆ ಇಲ್ಲ ಎಂಬ ಕಾರಣಕ್ಕೇ ಅವಳ ತುಣುಕು ಅಗ್ಗವಾಗಿದೆ. ಸಿನಿಮಾ ಕ್ಲಿಪ್ಪಿಗಿಂತ ನನ್ನನ್ನು ಕಾಡುವುದು ಇದು.

ಸ್ಟುಡಿಯೊದ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ, ಹೇಳಿದ್ದರೆ ಎದ್ದು ಹೋಗುತ್ತಿದ್ದ. ‘ಹಂಗಾರ ಏನ್ ಹಾಕೂದ್ರಿ ಕಾಕಾ?’ ಎಂದು ಅವನೇ ಕೇಳಿದ. ಪಂತುಲು ಅವರ ಚೆನ್ನಮ್ಮನನ್ನು ಹಾಕು ಎಂದೆ. ಕಪ್ಪು ಬಿಳುಪನ್ನು ಮೊದಲು ಮೂಗು ಮುರಿದು ನೋಡಿದವನು, ಕೋಟೆಯ ಕಾಳಗದ ಹೊತ್ತಿಗೆ ಮುಂದಕ್ಕೆ ಬಗ್ಗಿದ. ‘ಇದಕ್ಕ ಗ್ರೇನ್ ಹಾಕೂದೂ ಬ್ಯಾಡ್ರಿ, ಇರೂದ ಹಂಗ ಐತಿ’ ಎಂದ. ಆದರೆ ಇಲ್ಲಿಯೂ ಒಂದು ತೊಡಕಿತ್ತು. ಚಿತ್ರ ಬಿಡುಗಡೆಯಾಗಿದೆ, ಹಾಡು ಆಗಿಲ್ಲ. ಧ್ವನಿಮುದ್ರಿಕೆಗೂ 60 ವರ್ಷ, ಅದೂ ತೀರಿತು. ಆದರೆ ರಾಗ ಮತ್ತು ಸಾಹಿತ್ಯದ ಹಕ್ಕಿನ ಎಣಿಕೆ ಅದನ್ನು ರಚಿಸಿದವರು ತೀರಿಕೊಂಡ ಮೇಲೆ ಶುರು. ಸಂಗೀತ ನಿರ್ದೇಶಕ ಟಿ.ಜಿ. ಲಿಂಗಪ್ಪ ತೀರಿಕೊಂಡದ್ದು 2000ದಲ್ಲಿ, ಹಾಗಾಗಿ 2060ರವರೆಗೆ ಅವರ ರಾಗಕ್ಕೆ ಬೀಗ. ಅಕ್ಕಮಹಾದೇವಿಯ ವಚನವೂ ಆ ಚಿತ್ರದಲ್ಲಿದೆ. ಮಾತು ಹನ್ನೆರಡನೆಯ ಶತಮಾನದ್ದು, ರಾಗ ಇಪ್ಪತ್ತನೆಯದ್ದು. ಸಂಭಾಷಣೆಯದೂ ಬೇರೆಯೇ ಲೆಕ್ಕ. ಸತ್ಯಜಿತ್ ರಾಯ್ ಅವರ ‘ನಾಯಕ್’ ಚಿತ್ರಕಥೆಯ ಹಕ್ಕು ನಿರ್ಮಾಪಕರದಲ್ಲ, ಬರೆದ ರಾಯ್ ಅವರದೇ ಎಂದು 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದನ್ನು ನೆನೆದರೆ, ಮಾತಿಲ್ಲದ ಕುದುರೆ ದೃಶ್ಯಗಳೇ ಕ್ಷೇಮ.

ಹಾಡಿಗೆ ರಾಯಣ್ಣನ ಲಾವಣಿ ಹಿಡಿದೆವು. ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಸೀಮೆಯ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಹಲಗಲಿ ಬೇಡರ ಜೊತೆಗೆ ಸಂಗೊಳ್ಳಿ ರಾಯಣ್ಣನೂ ಅದರಲ್ಲಿದ್ದಾನೆ. ರಾಯಣ್ಣನನ್ನು ಗಲ್ಲಿಗೇರಿಸಿದವರ ಕಡೆಯವನೇ ಅವನ ಹಾಡು ಉಳಿಸಿದ್ದು. ಆ ಮಾತುಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಪಕ್ಕದ ಹಳ್ಳಿಯ ಗೀಗೀ ಮೇಳದ ಅಜ್ಜನೊಬ್ಬ ಹಾಡಲು ಒಪ್ಪಿದ. ನಾನು ಒಂದು ಹಾಳೆಯ ಮೇಲೆ ಒಪ್ಪಿಗೆ ಬರೆದು ಮುಂದಿಟ್ಟೆ. ‘ಹಾಡೂದಕ್ಕೂ ಸಹಿ ಮಾಡೂ ಕಾಲ ಬಂತೇನಪಾ’ ಎಂದು ನಕ್ಕು, ಕನ್ನಡಕ ಹುಡುಕಿ, ಪೂರ್ತಿ ಓದಿಯೇ ಸಹಿ ಹಾಕಿದ. ಹುಡುಗ ಒಂದು ಮುಂಜಾನೆ ಕಿತ್ತೂರಿಗೆ ಹೋಗಿ ಪಾಳುಬಿದ್ದ ಅರಮನೆಯ ಗೋಡೆಗಳನ್ನು ತನ್ನದೇ ಮೊಬೈಲಿನಲ್ಲಿ ಹಿಡಿದು ತಂದ. ಬಾಗಿಲಿಲ್ಲದ ಬಾಗಿಲ ಚೌಕಟ್ಟಿನಿಂದ ಕಪ್ಪು ಬಿಳುಪಿನ ಸರೋಜಾದೇವಿ ಹೊರಬರುವ ಹಾಗೆ ಜೋಡಿಸಿದ್ದ. ಅವನು ಮಾಡಿದ ಎಲ್ಲ ಎಡಿಟ್‌ಗಳಲ್ಲಿ ಅದೇ ಚೆಲುವಾದದ್ದು ಎಂದು ನನಗೆ ಅನ್ನಿಸಿತು. ಅವನ ಗೆಳೆಯರಿಗೆ ಹಾಗನ್ನಿಸಲಿಲ್ಲ.

ಏರಿಸಿದ ಒಂದು ತಾಸಿಗೆ ಫೋನ್ ಬಂತು. ‘ಕಾಕಾ, ಕ್ಲೇಮ್ ಬಂದೈತ್ರಿ!’ ಹಳೆಯ ಚಿತ್ರಗಳನ್ನು ತನ್ನ ಚಾನೆಲ್ಲಿಗೆ ಏರಿಸಿಟ್ಟ ಯಾವುದೋ ಕಂಪನಿ, ಆ ದೃಶ್ಯ ತನ್ನದೆಂದು ಯಂತ್ರಕ್ಕೆ ಹೇಳಿಟ್ಟಿದೆ. ಯಂತ್ರಕ್ಕೆ ಚಿತ್ರದ ಗುರುತು ಸಿಗುತ್ತದೆ, ತಾರೀಕಿನ ಲೆಕ್ಕ ಬರುವುದಿಲ್ಲ. ತಕರಾರು ಹಾಕು ಎಂದೆ. ಪರದೆಯ ಮೇಲೆ ಕಾರಣ ಬರೆಯುವ ಡಬ್ಬಿ ತೆರೆಯಿತು. ಹುಡುಗನಿಗೆ ಕಾಯ್ದೆಯ ಮಾತು ಬಾರದು, ಅಮೆರಿಕದ ಒಕ್ಕಣೆ ಅಂಟಿಸಲು ನಾನು ಬಿಡಲಿಲ್ಲ. ಕೊನೆಗೆ ಅವನೇ ಬರೆದ: ‘ಪಿಚ್ಚರ್ 1961. ಅರವತ್ತು ವರ್ಷ ಆಗ್ಯಾವ್ರಿ.’

ಉತ್ತರ ಕೊಡಲು ಕಂಪನಿಗೆ 30 ದಿನ ಇದೆ. ಇವತ್ತಿಗೆ ಹನ್ನೊಂದಾಯಿತು. ದಿನಾ ಸಂಜೆ ಅಂಗಡಿ ಮುಚ್ಚುವ ಮುಂಚೆ ಒಮ್ಮೆ ತೆರೆದು ನೋಡುತ್ತಾನೆ.